ಬದನೆಗೆ 20 ರೂಪಾಯಿ, ಡಬ್ಬಿ-ಬಾಟಲಿಗೆ 1,050

ಅರ್ಧ ಕೆಜಿ ಬದನೆಕಾಯಿ ತಂದೆವೆಂದರೆ ಚೀಲದಲ್ಲಿ ಹೊತ್ತು ತಂದದ್ದು ಬಹುಪಾಲು ನೀರು. ಬದನೆಯಲ್ಲಿ ನೂರಕ್ಕೆ 92 ಪಾಲು ನೀರೇ ಇರುತ್ತದೆ. 500 ಗ್ರಾಂನಲ್ಲಿ 460 ಗ್ರಾಂ ನೀರು ಕಳೆದರೆ ಉಳಿಯುವುದು 40 ಗ್ರಾಂ. ಸಿಪ್ಪೆ, ನಾರು, ಬೀಜ ಎಲ್ಲ ಅಷ್ಟರಲ್ಲೇ ಬಂತು. ರಾಯಚೂರು ಜಿಲ್ಲೆಯ ಅರಕೇರಾದ ಕಡೆಯ ಅಡುಗೆಮನೆ ಈ 40 ಗ್ರಾಂನೊಳಗೆ ಶೇಂಗಾ, ಎಳ್ಳು, ಗುರೆಳ್ಳು, ಹುಣಸೆಹುಳಿ ತುಂಬಿ ಎಣ್ಣೆಗಾಯಿ ಮಾಡುತ್ತದೆ. ಜಪಾನಿನ ಅಡುಗೆಮನೆ ಅದೇ 40 ಗ್ರಾಂನ ಮೇಲೆ ಸಿಹಿ-ಉಪ್ಪಿನ ಪಾಕ ಬಳಿದು, ಕನ್ನಡಿಯ ಹಾಗೆ ಹೊಳೆಯುವ ತನಕ ಸುಡುತ್ತದೆ. ನಮ್ಮದರಲ್ಲಿ ರುಚಿ ಒಳಗೆ, ಅವರದರಲ್ಲಿ ಹೊರಗೆ.

ಈ ಎರಡನೆಯದನ್ನು ನಮ್ಮ ಮನೆಯಲ್ಲಿ ಮಾಡಿದರೆ ಖರ್ಚೆಷ್ಟು ಎಂಬುದು ಪ್ರಶ್ನೆ. ಮನೆಯ ಕಾಲೇಜು ಹುಡುಗಿ ಕೇಳಿದ್ದಕ್ಕೆ ಶುರುವಾದ ಲೆಕ್ಕ ಇದು. ಅವಳ ಅಜ್ಜಿ ಬೇರೆಯೇ ಪ್ರಶ್ನೆ ಕೇಳಿದರು: "ಬದನಿಕಾಯಿಗೆ ಬೆಲ್ಲದ ಪಾಕ ಹಚ್ಚಿ ಸುಡೂದಾ? ಯಾರು ತಿಂತಾರವ್ವ ಅದನ್ನ?" ಅಜ್ಜಿಯ ಪ್ರಶ್ನೆಗೆ ಉತ್ತರ ಸುಲಭ. ತಿನ್ನುವವರು ಹನ್ನೆರಡು ಕೋಟಿಗೂ ಮಿಕ್ಕಿ ಇದ್ದಾರೆ. ಮೊಮ್ಮಗಳ ಪ್ರಶ್ನೆಗೇ ಪೆನ್ನು ಹಾಳೆ ಬೇಕಾಯಿತು.

ಮೊದಲು ತಿನಿಸಿನ ಪರಿಚಯ. ಜಪಾನಿನಲ್ಲಿ ಬದನೆಗೆ 'ನಾಸು' ಎನ್ನುತ್ತಾರೆ. ಹೊಳಪಿನ ಬದನೆಯಲ್ಲಿ ಎರಡು ಬಗೆ ಹೆಸರಾಗಿವೆ. ಒಂದು 'ನಾಸು ದೆಂಗಾಕು'. ಕಾಯಿಯನ್ನು ಉದ್ದಕ್ಕೆ ಸೀಳಿ, ಮೈಮೇಲೆ ಚೌಕಳಿ ಗೀರು ಹಾಕಿ, ಎಣ್ಣೆ ಸವರಿ ಬೇಯಿಸಿ, ಮೇಲೆ ಮಿಸೊ ಹಚ್ಚಿ ಮತ್ತೆ ಸುಡುವುದು. ಮಿಸೊ ಎಂದರೆ ಸೋಯಾ ಅವರೆಯನ್ನು ಬೇಯಿಸಿ, ಬೂಷ್ಟು ಕಟ್ಟಿಸಿದ ಅಕ್ಕಿ ಮತ್ತು ಉಪ್ಪಿನ ಜೊತೆ ತಿಂಗಳುಗಟ್ಟಲೆ ಹುಳಿಯಲು ಬಿಟ್ಟ ಮುದ್ದೆ. ಇನ್ನೊಂದು 'ಕಬಾಯಾಕಿ' ಬಗೆ. ಕಾಯಿಯನ್ನು ಮೊದಲು ಹಬೆಯಲ್ಲಿ ಬೇಯಿಸಿ, ಪುಸ್ತಕದ ಹಾಗೆ ಬಿಚ್ಚಿ, ಹಂಚಿನ ಮೇಲೆ ಕೆಂಪಗೆ ಮಾಡಿ, ಸೋಯಾ ಸಾಸು ಮತ್ತು ಸಕ್ಕರೆಯ ಪಾಕದಲ್ಲಿ ಹೊರಳಿಸುವುದು. ಹೋಟೆಲುಗಳಲ್ಲಿ ಕೇಳುವ 'ತೆರಿಯಾಕಿ' ಇದರ ದಾಯಾದಿ. 'ತೆರಿ' ಎಂದರೆ ಹೊಳಪು, 'ಯಾಕಿ' ಎಂದರೆ ಸುಟ್ಟದ್ದು.

'ದೆಂಗಾಕು' ಎಂಬ ಹೆಸರನ್ನು ಒಡೆದರೆ ಭತ್ತ ಬೆಳೆಯುವ ಮಾನ್ವಿಯ ಕಡೆಯವರಿಗೆ ಹತ್ತಿರದ ಅರ್ಥ ಸಿಗುತ್ತದೆ: ಗದ್ದೆಯ ಸಂಗೀತ. ಭತ್ತದ ನಾಟಿಯ ಹೊತ್ತಿಗೆ ಬೆಳೆದು ಬಂದ ಹಾಡು-ಕುಣಿತಕ್ಕೆ ಆ ಹೆಸರಿತ್ತು. ಕುಣಿಯುವವರು ಮರಗಾಲು ಕಟ್ಟಿಕೊಳ್ಳುತ್ತಿದ್ದರು. ಕಡ್ಡಿಗೆ ಚುಚ್ಚಿ ಸುಟ್ಟ ಸೋಯಾ ಗಿಣ್ಣು ಆ ಮರಗಾಲಿನ ಕುಣಿತಗಾರನಂತೆ ಕಂಡದ್ದಕ್ಕೆ ತಿನಿಸಿಗೂ ಅದೇ ಹೆಸರು ಬಂತೆಂದು ಹೇಳುತ್ತಾರೆ. ಬದನೆಯಂತೂ ಅವರಿಗೆ ಹೊರಗಿನಿಂದ ಹೋದದ್ದು. 8ನೇ ಶತಮಾನದ ಹೊತ್ತಿಗೆ ಅದು ಅಲ್ಲಿನ ದಾಖಲೆಗಳಲ್ಲಿ ಕಾಣಿಸುತ್ತದೆ. ಕಾಯಿಯ ತವರು ನಮ್ಮ ಕಡೆಯದು, ಪಾಕ ಮಾತ್ರ ಅವರದು.

ತವರಿನವರು ಎಷ್ಟು ತಿನ್ನುತ್ತೇವೆ? ಭಾರತದಲ್ಲಿ ವರ್ಷಕ್ಕೆ ಬೆಳೆಯುವ ಬದನೆ ಒಂದೂಕಾಲು ಕೋಟಿ ಟನ್ನಿನ ಆಸುಪಾಸು. ಚೀನಾ ಬಿಟ್ಟರೆ ನಾವೇ ಮುಂದು. ಜಪಾನಿನದು ಸುಮಾರು 3 ಲಕ್ಷ ಟನ್. ತಲೆಗೆ ಹಂಚಿದರೆ ನಮಗೆ ವರ್ಷಕ್ಕೆ 9 ಕೆಜಿ, ಅವರಿಗೆ ಎರಡೂವರೆ ಕೆಜಿಯೂ ಇಲ್ಲ. ಆದರೂ ಹೊಸ ವರ್ಷದ ಮೊದಲ ಕನಸಿನಲ್ಲಿ ಕಂಡರೆ ಶುಭ ಎಂದು ಅವರು ಎಣಿಸುವ ಮೂರರಲ್ಲಿ ಫೂಜಿ ಬೆಟ್ಟ, ಗಿಡುಗ ಆದಮೇಲೆ ಮೂರನೆಯದು ಬದನೆಕಾಯಿ! ಚಳಿಗಾಲಕ್ಕೆ ಮುಂಚಿನ ಬದನೆಯನ್ನು ಸೊಸೆಗೆ ತಿನ್ನಿಸಬೇಡ ಎಂಬ ಗಾದೆಯೂ ಅವರಲ್ಲಿದೆ. ಅಷ್ಟು ರುಚಿಯದನ್ನು ಸೊಸೆಗೇಕೆ ಎಂಬ ಅತ್ತೆಯ ಜಿಪುಣತನ ಎಂದು ಕೆಲವರು, ಮೈಗೆ ತಂಪು ಹೆಚ್ಚಾದೀತೆಂಬ ಕಾಳಜಿ ಎಂದು ಕೆಲವರು ಅರ್ಥ ಹೇಳುತ್ತಾರೆ. ಗಾಯವಾದವರಿಗೆ ನಂಜು ಎಂದು ಬದನೆ ಬಡಿಸದ ನಮ್ಮ ಅಜ್ಜಿಯರು ಈ ತಂಪಿನ ಮಾತನ್ನು ಒಪ್ಪಲಿಕ್ಕಿಲ್ಲ.

ಇನ್ನು ದರ ಕಟ್ಟೋಣ. ಇವು ಲೆಕ್ಕಕ್ಕೆಂದು ನಾನು ಹಿಡಿದ ದುಂಡು ದರಗಳು. ನಿಮ್ಮ ಅಂಗಡಿಯ ದರ ಬೇರೆಯಾದರೆ ಅದನ್ನೇ ಹಾಕಿ ಗುಣಿಸಿ, ತೀರ್ಪು ಹೆಚ್ಚು ಬದಲಾಗದು. ಬದನೆ ಕೆಜಿಗೆ 40 ರೂಪಾಯಿ. ಸಂತೆಯಲ್ಲಿ ಅಗ್ಗದ ದಿನ 20ಕ್ಕೆ ಇಳಿಯುತ್ತದೆ, ತುಟ್ಟಿ ದಿನ 80ಕ್ಕೆ ಏರುತ್ತದೆ. ಇದು ನಡುವಿನ ದರ. ಶೇಂಗಾ ಎಣ್ಣೆ ಲೀಟರಿಗೆ 180. ಬೆಲ್ಲ 60, ಸಕ್ಕರೆ 45, ಬಿಳಿ ಎಳ್ಳು 200, ಹಸಿ ಶುಂಠಿ 120, ಎಲ್ಲ ಕೆಜಿಗೆ. ಸೋಯಾ ಸಾಸು 200 ಮಿಲಿ ಬಾಟಲಿಗೆ 60. ಹೊರದೇಶದ ಮಿಸೊ 500 ಗ್ರಾಂ ಡಬ್ಬಿಗೆ 600. ಮಿರಿನ್ ಎಂಬ ಸಿಹಿ ಅಕ್ಕಿ ದ್ರವ 300 ಮಿಲಿಗೆ 450. ಗ್ಯಾಸ್ ಸಿಲಿಂಡರ್ 14.2 ಕೆಜಿಯದು, 900 ಎಂದು ಹಿಡಿದರೆ ಕೆಜಿಗೆ 63 ರೂಪಾಯಿ 38 ಪೈಸೆ. ಒಲೆಯ ಉರಿ ಗಂಟೆಗೆ 150 ಗ್ರಾಂ ಗ್ಯಾಸ್ ತಿನ್ನುತ್ತದೆ ಎಂದು ಇಟ್ಟುಕೊಳ್ಳೋಣ. ಎಲ್ಲ ಲೆಕ್ಕವೂ ನಾಲ್ಕು ಮಂದಿಗೆ, ಅರ್ಧ ಕೆಜಿ ಬದನೆಗೆ.

ಶಾಸ್ತ್ರೋಕ್ತ ದೆಂಗಾಕುವಿನ ಲೆಕ್ಕ ಮೊದಲು. ಬದನೆ 20 ರೂಪಾಯಿ. ಮಿಸೊ 60 ಗ್ರಾಂ, 72 ರೂಪಾಯಿ. ಮಿರಿನ್ 45 ಮಿಲಿ, 67 ರೂಪಾಯಿ 50 ಪೈಸೆ. ಸಕ್ಕರೆ 30 ಗ್ರಾಂಗೆ 1.35. ಎಣ್ಣೆ 45 ಮಿಲಿಗೆ 8.10. ಮೇಲೆ ಉದುರಿಸಲು ಎಳ್ಳು 5 ಗ್ರಾಂ, 1 ರೂಪಾಯಿ. ಇಪ್ಪತ್ತು ನಿಮಿಷದ ಗ್ಯಾಸಿಗೆ 3.17. ಒಟ್ಟು 173 ರೂಪಾಯಿ 12 ಪೈಸೆ, ತಲೆಗೆ 43 ರೂಪಾಯಿ ಚಿಲ್ಲರೆ.

ಇದರೊಳಗೆ ಬದನೆಯ ಪಾಲು ನೂರಕ್ಕೆ ಹನ್ನೊಂದೂವರೆ. ಮಿಸೊ ಮತ್ತು ಮಿರಿನ್ ಎರಡೇ ಸೇರಿ 139 ರೂಪಾಯಿ 50 ಪೈಸೆ, ಅಂದರೆ ನೂರಕ್ಕೆ 80ಕ್ಕಿಂತ ಹೆಚ್ಚು. ಸಗಟು ಪೇಟೆಯಲ್ಲಿ ರೈತನಿಗೆ ಕೆಜಿಗೆ 20 ಸಿಕ್ಕಿತೆಂದು ಇಟ್ಟುಕೊಂಡರೂ ಈ 173ರಲ್ಲಿ ಅವನ ಕೈಗೆ ಬಂದದ್ದು 10 ರೂಪಾಯಿ. ತಟ್ಟೆಯಲ್ಲಿ ಕಣ್ಣಿಗೆ ಕಾಣುವುದೆಲ್ಲ ಬದನೆಕಾಯಿ, ಬಿಲ್ಲಿನಲ್ಲಿ ಕಾಣುವುದೆಲ್ಲ ಡಬ್ಬಿ.

ಈ 173 ಕೂಡ ಕಾಗದದ ಮೇಲಿನ ಲೆಕ್ಕ. ಅಂಗಡಿಯವ 60 ಗ್ರಾಂ ಮಿಸೊ ತೂಗಿ ಕೊಡುವುದಿಲ್ಲ. ಮೊದಲ ದಿನವೇ ಡಬ್ಬಿಗೆ 600, ಬಾಟಲಿಗೆ 450, ಒಟ್ಟು 1,050 ಎಣಿಸಬೇಕು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ಹಾಗಾಗಿ ಈ ಎರಡು ಸಾಮಾನಿನ ಬೆಲೆ ಬಿಸಿಲಲ್ಲಿ ಮಣ್ಣು ಹೊತ್ತ ಮೂರು ದಿನದ ಕೂಲಿಗಿಂತ ಸ್ವಲ್ಪವೇ ಕಡಿಮೆ. ಡಬ್ಬಿ ಎಂಟು ಸಲಕ್ಕೆ ಬರುತ್ತದೆ, ಬಾಟಲಿ ಆರು ಸಲ ದಾಟುತ್ತದೆ. ಅಷ್ಟು ಸಲ ಮಾಡುತ್ತೀರಾ? ಮೂರು ಸಲ ಮಾಡಿ ಬೇಸತ್ತು ಬಿಟ್ಟರೆ ಒಂದು ಸಲದ ಖರ್ಚು 173 ಅಲ್ಲ, 384, ತಲೆಗೆ 96. ಒಂದೇ ಸಲ ಮಾಡಿ ಡಬ್ಬಿಯನ್ನು ಫ್ರಿಜ್ಜಿನ ಮೂಲೆಗೆ ತಳ್ಳಿದರೆ ತಲೆಗೆ 271 ರೂಪಾಯಿ ಬೀಳುತ್ತದೆ. ಫ್ರಿಜ್ಜೇ ಇಲ್ಲದ ಮನೆಯಲ್ಲಿ ತೆರೆದ ಮಿಸೊ ರಾಯಚೂರಿನ ಬೇಸಿಗೆಯನ್ನು ಕಳೆಯಬೇಕು. ನಲವತ್ತು ಡಿಗ್ರಿ ದಾಟುವ ಸೆಖೆಯಲ್ಲಿ ಅದು ಹುಳಿಯುತ್ತಲೇ ಹೋಗಿ ಕಪ್ಪಾಗುತ್ತದೆ, ರುಚಿ ಕಡುವಾಗುತ್ತದೆ. ಹೊಸ ಅಡುಗೆಯ ನಿಜವಾದ ಬೆಲೆ ಎರಡನೆಯ ಸಲ ಮಾಡುವ ಮನಸ್ಸಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ, ಇದನ್ನು ಯಾವ ಪಾಕಪುಸ್ತಕವೂ ಬರೆಯುವುದಿಲ್ಲ.

ಮಿಸೊ ಇಷ್ಟು ತುಟ್ಟಿ ಏಕೆ? ಅದರೊಳಗಿನ ಸಾಮಾನು ಬೆಲೆಬಾಳುವುದೇನಲ್ಲ. ಮನೆಯಲ್ಲಿ ಮಿಸೊ ಹಾಕುವವರ ವಾಡಿಕೆಯ ಅಳತೆ ಹೀಗಿದೆ: ಒಣ ಸೋಯಾ 1 ಕೆಜಿ, ಬೂಷ್ಟಿನ ಅಕ್ಕಿ 1 ಕೆಜಿ, ಉಪ್ಪು 400ರಿಂದ 450 ಗ್ರಾಂ. ಬೆಂದ ಕಾಳು ನೀರು ಕುಡಿದು ಒಟ್ಟು ಸುಮಾರು 4 ಕೆಜಿ ಮಿಸೊ ಸಿಗುತ್ತದೆ. ಅಲ್ಲಿಗೆ ಕೆಜಿ ಮಿಸೊಗೆ ಬೇಕಾದ ಸೋಯಾ ಕಾಲು ಕೆಜಿ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಸೋಯಾಕ್ಕೆ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಕಾಲು ಕೆಜಿಗೆ 13 ರೂಪಾಯಿ 32 ಪೈಸೆ ಆಯಿತು. ಅಕ್ಕಿ, ಉಪ್ಪು ಸೇರಿಸಿದರೂ 30 ದಾಟದು. ಅದೇ ಕೆಜಿ ಮಿಸೊ ನಮ್ಮ ಕೈಗೆ ಬರುವಾಗ 1,200. ನಡುವಿನ 1,170 ರೂಪಾಯಿ ಬೂಷ್ಟಿನ ವಿದ್ಯೆಗೆ, ಆರು ತಿಂಗಳು-ವರ್ಷ ಕಾಯ್ದ ತಾಳ್ಮೆಗೆ, ಹಡಗಿಗೆ, ಸುಂಕಕ್ಕೆ, ಅಂಗಡಿಯವರ ಲಾಭಕ್ಕೆ ಹಂಚಿಹೋಗುತ್ತದೆ.

ನಮ್ಮದೇ ಕಲ್ಯಾಣ ಕರ್ನಾಟಕದ ಬೀದರಿನಲ್ಲಿ ಸೋಯಾ ಹೊಲಗಟ್ಟಲೆ ಬೆಳೆಯುತ್ತದೆ. ಆ ಬೆಂಬಲ ಬೆಲೆಯಂತೆ ಅಲ್ಲಿನ ಕಾಳು ಕೆಜಿಗೆ ಐವತ್ಮೂರು, ಹೊರಗಿನ ಮಿಸೊ ಕೆಜಿಗೆ ಸಾವಿರದಿನ್ನೂರು: ಇಪ್ಪತ್ತೆರಡೂವರೆ ಪಟ್ಟು. ಹಾಗೆಂದು ಮನೆಯಲ್ಲೇ ಮಿಸೊ ಹಾಕಲು ಹೊರಡಬೇಡಿ. ಅದಕ್ಕೆ ಬೇಕಾದ ಬೂಷ್ಟು ಬೇರೆ ಜಾತಿಯದು, ಅದರ ಬೀಜಕಣವನ್ನು ಶುದ್ಧವಾಗಿ ತರಿಸಬೇಕು. ಅನ್ನದ ಮೇಲೆ ತಾನಾಗಿ ಬಂದ ಹಸಿರು ಬೂಷ್ಟು ನಂಬಿದರೆ ಹೊಟ್ಟೆಗೆ ವಿಷ ಸೇರೀತು.

ಹಾಗಾದರೆ ಎರಡನೆಯ ದಾರಿ, ಕಬಾಯಾಕಿ. ಇದಕ್ಕೆ ಮಿಸೊ ಬೇಡ. ಮಿರಿನ್ ಬದಲು ಬೆಲ್ಲ, ನೀರು, ಒಂದು ಹನಿ ವಿನಿಗರ್ ಸಾಕು. ಮಿರಿನ್‌ನಲ್ಲಿ ಅರ್ಧದ ಹತ್ತಿರ ಸಕ್ಕರೆಯೇ. ನೂರಕ್ಕೆ 14ರಷ್ಟು ಮದ್ಯಸಾರ ಉಂಟು, ಅದು ಕಾಯಿಸುವಾಗ ಬಹುಮಟ್ಟಿಗೆ ಆರಿಹೋಗುತ್ತದೆ. ಪಾಕಕ್ಕೆ ಹೊಳಪು ಕೊಡುವುದು ಸಕ್ಕರೆ, ಆ ಕೆಲಸವನ್ನು ಬೆಲ್ಲವೂ ಮಾಡುತ್ತದೆ. ಸೋಯಾ ಸಾಸು ಈಗ ಗೋಬಿ ಮಂಚೂರಿಯ ದೆಸೆಯಿಂದ ಸಣ್ಣ ಊರುಗಳ ಕಿರಾಣಿಯಲ್ಲೂ ಸಿಗುತ್ತದೆ. ಸಿಗದಿದ್ದರೆ ರಾಯಚೂರಿಗೆ ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಇಲ್ಲವಾದ್ದರಿಂದ ಅವರು ತಂದರೆ ಬಾಟಲಿಗೆ 60, ಗಂಡಸರು ತಂದರೆ 60 ಮತ್ತು ಹೋಗಿ ಬರುವ ಚಾರ್ಜು. ನಮ್ಮ ಮನೆಯಲ್ಲಿ ಯಾರು ತಂದರೆಂದು ಬೇರೆ ಹೇಳಬೇಕಿಲ್ಲ.

ಲೆಕ್ಕದ ಚೀಟಿ ಹೀಗಿದೆ:

ಉದ್ದ ನೇರಳೆ ಬದನೆ, 500 ಗ್ರಾಂ: 20.00
ಸೋಯಾ ಸಾಸು, 45 ಮಿಲಿ: 13.50
ಬೆಲ್ಲ, 30 ಗ್ರಾಂ: 1.80
ವಿನಿಗರ್, 5 ಮಿಲಿ: 0.30
ಹಸಿ ಶುಂಠಿ, 10 ಗ್ರಾಂ: 1.20
ಶೇಂಗಾ ಎಣ್ಣೆ, 30 ಮಿಲಿ: 5.40
ಬಿಳಿ ಎಳ್ಳು, 5 ಗ್ರಾಂ: 1.00
ಗ್ಯಾಸ್, 25 ನಿಮಿಷ: 3.96
ಒಟ್ಟು: 47 ರೂಪಾಯಿ 16 ಪೈಸೆ

ತಲೆಗೆ 12 ರೂಪಾಯಿಯೂ ಇಲ್ಲ. ಬದನೆಯ ಪಾಲು ಇಲ್ಲಿ ನೂರಕ್ಕೆ 42. ಕಾಯಿಗೆ ಕೊಟ್ಟ ದುಡ್ಡು ಕಾಯಿಯಾಗಿಯೇ ತಟ್ಟೆಗೆ ಬರುತ್ತದೆ. ಒಂದೇ ಸಲ ಮಾಡಿ ಬಾಟಲಿಯನ್ನು ಮರೆತುಬಿಟ್ಟರೂ ತಲೆಗೆ 23 ರೂಪಾಯಿ 40 ಪೈಸೆ. ಆ ಬಾಟಲಿ ಮರೆತುಹೋಗುವಂಥದ್ದೂ ಅಲ್ಲ, ಮಕ್ಕಳು ನೂಡಲ್ಸಿಗೆ ಸುರಿದು ಮುಗಿಸುತ್ತಾರೆ.

ಮಾಡುವ ಬಗೆಯಲ್ಲೂ ಅಂಕಿಯೇ ಮಾತಾಡಬೇಕು. ತಲಾ 100 ಗ್ರಾಂ ತೂಗುವ ಐದು ಉದ್ದ ಕಾಯಿ ಆರಿಸಿ. ಎಣ್ಣೆಗಾಯಿಗೆ ಒಪ್ಪುವ 50 ಗ್ರಾಂನ ಗುಂಡು ಕಾಯಿ ಇದಕ್ಕೆ ಒಗ್ಗದು. ಸೀಳಿದರೆ ತುಂಬ ಬೀಜವೇ, ಪಾಕ ಹಿಡಿಯಲು ಮೈ ಸಾಲದು. ಕಾಯಿ ಎಳೆಯದಾಗಿರಬೇಕು, ಸಿಪ್ಪೆ ಉಗುರಿಗೆ ಒಡೆಯುವಷ್ಟು ತೆಳುವಿರಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ್ ಉದ್ದನೆಯ ನೇರಳೆ ತಳಿ, ಬಾಡು ರೋಗ ತಡೆಯುವಂಥದ್ದು. ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಲಾಪುರ, ಕುಡಚಿ, ರಬಕವಿ ಎಂದು ಊರಿನ ಹೆಸರು ಹೊತ್ತ ಉತ್ತರ ಕರ್ನಾಟಕದ ನಾಟಿ ತಳಿಗಳನ್ನು ಎಣ್ಣೆಗಾಯಿಗೇ ಬಿಡೋಣ. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಂ ರಮೇಶ್ ತಡೆಹಿಡಿದ ಕುಲಾಂತರಿ ಬಿಟಿ ಬದನೆಯ ಪಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೂಲಕ ಈ ತಳಿಗಳೂ ಇದ್ದವು, ಉಡುಪಿಯ ಮಟ್ಟುಗುಳ್ಳವೂ ಇತ್ತು. ಮಟ್ಟುಗುಳ್ಳಕ್ಕೆ ಮರುವರ್ಷ ಭೌಗೋಳಿಕ ಗುರುತಿನ ಪಟ್ಟ ಬಂತು. ಅಡುಗೆಯ ಲೆಕ್ಕದ ನಡುವೆ ಇದೇಕೆ ಎನ್ನುವಿರೋ ಏನೋ. ನೂರು ಬಗೆಯ ಬದನೆಯಿರುವ ನಾಡಿನಲ್ಲಿ 'ಬದನೆ ತಗೊಂಡು ಬಾ' ಎಂದಷ್ಟೇ ಹೇಳಿ ಕಳಿಸಿದರೆ ಅಡುಗೆ ಅರ್ಧ ಅಲ್ಲೇ ಕೆಟ್ಟಿತು.

ಹಿತ್ತಿಲಿದ್ದವರಿಗೆ ಲೆಕ್ಕ ಇನ್ನೂ ಹಗುರ. ಸಾಲಿಗೆ 75, ಗಿಡಕ್ಕೆ 60 ಸೆಂಟಿಮೀಟರ್ ಅಂತರ ಕೊಟ್ಟರೆ ಎಕರೆಗೆ ಸುಮಾರು 9,000 ಗಿಡ ಕೂರುತ್ತವೆ. ನಮಗೆ ನಾಲ್ಕು ಸಾಕು. ಗಿಡಕ್ಕೆ ಎರಡು ಕೆಜಿ ಕಾಯಿ ಬಿಟ್ಟರೂ 8 ಕೆಜಿ, ಹದಿನಾರು ಸಲದ ಅಡುಗೆ. ನಾಲ್ಕು ಗಿಡಕ್ಕೆ ಬೇಕಾದ ಜಾಗ ಎರಡು ಚದರ ಮೀಟರಿಗೂ ಕಡಿಮೆ, ಒಂದು ಹೊರಸು ಹಾಕುವಷ್ಟು. ಕಾಯಿಕೊರಕ ಹುಳ ಬಿದ್ದ ಕುಡಿಯನ್ನು ವಾರಕ್ಕೊಮ್ಮೆ ಚಿವುಟಿ ಎಸೆಯುವ ಕೆಲಸ ಮಾತ್ರ ತಪ್ಪಿಸಿಕೊಳ್ಳುವ ಹಾಗಿಲ್ಲ.

ಅಡುಗೆಗೆ ಬರೋಣ. ಬದನೆ ಎಣ್ಣೆಕುಡುಕ. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಗೂಡುಗಳು. ಹಸಿಯಾಗಿ ಬಾಣಲೆಗೆ ಹಾಕಿದರೆ ಸ್ಪಂಜಿನಂತೆ ಹೀರುತ್ತದೆ, ಸುರಿದಷ್ಟೂ ಸಾಲದು. ನಾಲ್ಕು ದೊಡ್ಡ ಚಮಚ, ಅಂದರೆ 60 ಮಿಲಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಾಣೆ. ಹಾಗಾಗಿ ಮೊದಲು ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗೆ ಇಡಬೇಕು. ಗೂಡುಗಳು ಕುಸಿದು ಮೆತ್ತಗಾದ ಮೇಲೆ 30 ಮಿಲಿ ಎಣ್ಣೆ ಸಾಕು. ಉಳಿದ ಎಣ್ಣೆ 30 ಮಿಲಿ, ಬೆಲೆ 5 ರೂಪಾಯಿ 40 ಪೈಸೆ. ಹಬೆಗೆ ಹೆಚ್ಚಿಗೆ ಉರಿದ ಗ್ಯಾಸ್ 25 ಗ್ರಾಂ, 1 ರೂಪಾಯಿ 58 ಪೈಸೆ. ಕೈಗೆ ಉಳಿತಾಯ 3 ರೂಪಾಯಿ 82 ಪೈಸೆ, ಮೈಗೆ ಉಳಿತಾಯ ಸುಮಾರು 250 ಕ್ಯಾಲೊರಿ.

ಹಬೆಯಿಂದ ತೆಗೆದ ಕಾಯಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಮೈಗೆ ಚಾಕುವಿನ ತುದಿಯಿಂದ ಚೌಕಳಿ ಗೀರಿ. ಐದು ಕಾಯಿಗೆ ಹತ್ತು ಹೋಳು: ನಾಲ್ವರಿಗೆ ಎರಡೆರಡು, ಉಳಿದೆರಡು ಒಲೆ ಮುಂದೆ ನಿಂತವರಿಗೆ. ರೊಟ್ಟಿ ಸುಡುವ ಕಬ್ಬಿಣದ ಹಂಚೇ ಇದಕ್ಕೆ ಸರಿ. ತೆಳು ನಾನ್‌ಸ್ಟಿಕ್ ತವೆಯಲ್ಲಿ ಬಣ್ಣ ಬರುವಷ್ಟರಲ್ಲಿ ಪಾಕ ಕರಕಲು. ಎಣ್ಣೆ ಕಾದ ಮೇಲೆ ಗೀರಿದ ಮೈ ಕೆಳಗೆ ಮಾಡಿ ನಾಲ್ಕು ನಿಮಿಷ, ತಿರುವಿ ಎರಡು ನಿಮಿಷ. ಸೋಯಾ ಸಾಸು 45 ಮಿಲಿ, ನೀರು 45 ಮಿಲಿ, ಬೆಲ್ಲ 30 ಗ್ರಾಂ, ವಿನಿಗರ್, ಜಜ್ಜಿದ ಶುಂಠಿ ಮೊದಲೇ ಕಲಸಿಟ್ಟು ಈಗ ಸುರಿಯಿರಿ. ಉರಿ ಸಣ್ಣದು ಮಾಡಿ. ದ್ರವ ಅರ್ಧಕ್ಕಿಳಿದು ಸೌಟಿನ ಬೆನ್ನಿಗೆ ಅಂಟಿಕೊಂಡಿತೆಂದರೆ ಆಯಿತು. ಇದಕ್ಕೆ ಹಿಡಿಯುವುದು ಐದಾರು ನಿಮಿಷ, ಕೆಡಲು ಹಿಡಿಯುವುದು ಅರ್ಧ ನಿಮಿಷ. ಬೆಲ್ಲ ಸಕ್ಕರೆಗಿಂತ ಬೇಗ ಸೀಯುತ್ತದೆ. ಮೊದಲ ಸಲ ನಮ್ಮಲ್ಲಿ ಸೀದದ್ದು 47 ರೂಪಾಯಿ, ಸಾಲದ್ದಕ್ಕೆ ಹಂಚು ತಿಕ್ಕಿದ ಅರ್ಧ ತಾಸು.

ಓವನ್ನಿನಲ್ಲಿ ಮಾಡಿ ಎನ್ನುವವರಿದ್ದಾರೆ. 1,500 ವಾಟ್‌ನ ಒಲೆ ಕಾಯಲು ಹತ್ತು, ಬೇಯಿಸಲು ಇಪ್ಪತ್ತು ನಿಮಿಷ ತಗೊಂಡರೆ ಮುಕ್ಕಾಲು ಯೂನಿಟ್. ಮನೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಯಲ್ಲಿ ಈ ಮುಕ್ಕಾಲು ಯೂನಿಟ್ ಪುಕ್ಕಟೆ ಎನಿಸುತ್ತದೆ, ಆದರೆ ಅದು ನಿಮ್ಮ ಪಾಲಿಗೆ ಕಟ್ಟಿಟ್ಟ ಯೂನಿಟ್ಟಿನಿಂದಲೇ ಕಳೆಯುತ್ತದೆ. ತಿಂಗಳು 200 ದಾಟಿದರೆ ಪೂರ್ತಿ ಬಿಲ್ಲು ಮೈಮೇಲೆ. ಫ್ಯಾನು ನಿಲ್ಲದ ಏಪ್ರಿಲ್-ಮೇ ತಿಂಗಳಲ್ಲಿ ಬದನೆಗೋಸ್ಕರ ಆ ಗೆರೆ ದಾಟುವುದು ಜಾಣತನವಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನಮ್ಮ ರಾಯಚೂರು ಜಿಲ್ಲೆಯಲ್ಲೇ ಹೊಗೆ ಬಿಟ್ಟರೂ ಮೀಟರು ಮಾತ್ರ ಎಲ್ಲರಿಗೂ ಒಂದೇ ರೀತಿ ಓಡುತ್ತದೆ.

ಎಲ್ಲಕ್ಕಿಂತ ಅಗ್ಗದ ದಾರಿ ಹಳ್ಳಿಯಲ್ಲಿದೆ. ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯಲ್ಲಿ ಉಳಿವ ಕೆಂಡ. ಬದನೆಯನ್ನು ಆ ಕೆಂಡದಲ್ಲಿ ಹೂತರೆ ಗ್ಯಾಸ್ ಸೊನ್ನೆ, ಎಣ್ಣೆ ಸೊನ್ನೆ, ಸಿಪ್ಪೆ ಸುಲಿದ ತಿರುಳಿಗೆ ಹೊಗೆಯ ಘಮ. ದೆಂಗಾಕು ಹುಟ್ಟಿದ್ದೂ ಕೆಂಡದ ಮೇಲೆಯೇ. ಪಾಕವನ್ನು ಬೇರೆ ಬಟ್ಟಲಲ್ಲಿ ಕಾಯಿಸಿ ಮೇಲೆ ಸುರಿದರೆ ನಾಲ್ವರಿಗೆ 40 ರೂಪಾಯಿಯ ಒಳಗೆ ಮುಗಿಯುತ್ತದೆ.

ಉಪ್ಪಿನ ಲೆಕ್ಕ ಬಿಟ್ಟರೆ ಈ ಬರಹ ಅರೆಬರೆ. 15 ಮಿಲಿ ಸೋಯಾ ಸಾಸಿನಲ್ಲಿ ಸುಮಾರು ಎರಡೂವರೆ ಗ್ರಾಂ ಉಪ್ಪಿರುತ್ತದೆ. 45 ಮಿಲಿಗೆ ಏಳೂವರೆ ಗ್ರಾಂ ಮೀರಿತು, ತಲೆಗೆ 2 ಗ್ರಾಂನ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ. ಅಂದರೆ ತಲೆಗೆ ಸರಾಸರಿ ಬರುವ ಎರಡೂವರೆ ಹೋಳು ಬದನೆಯಲ್ಲೇ ದಿನದ ಐದರಲ್ಲಿ ಎರಡು ಪಾಲು ಉಪ್ಪು ಮುಗಿಯಿತು. ಕೆಂಪು ಮಿಸೊದಲ್ಲೂ ನೂರಕ್ಕೆ 12ರಷ್ಟು ಉಪ್ಪು, ಅಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಪಾಕಕ್ಕೆ ಬೇರೆ ಉಪ್ಪು ಹಾಕಲೇಬೇಡಿ. ರಕ್ತದೊತ್ತಡದವರ ಹೋಳಿಗೆ ಪಾಕ ಅರ್ಧ ಸವರಿ, ಉಪ್ಪಿನಕಾಯಿ ಆ ಹೊತ್ತು ಡಬ್ಬಿಯಲ್ಲೇ ಇರಲಿ.

ಈಗ ಅಜ್ಜಿಯ ಎಣ್ಣೆಗಾಯಿ. ಅದೇ 20 ರೂಪಾಯಿಯ ಬದನೆಗೆ ಶೇಂಗಾ 80 ಗ್ರಾಂ 11.20, ಎಳ್ಳು 15 ಗ್ರಾಂ 3, ಗುರೆಳ್ಳು 20 ಗ್ರಾಂ 4, ಒಣಕೊಬ್ಬರಿ 20 ಗ್ರಾಂ 6, ಉಳ್ಳಾಗಡ್ಡಿ 3, ಹುಣಸೆ 2, ಬೆಲ್ಲ 60 ಪೈಸೆ, ಖಾರ-ಮಸಾಲೆ 5, ಎಣ್ಣೆ 60 ಮಿಲಿ 10.80, ಅರ್ಧ ಗಂಟೆಯ ಗ್ಯಾಸ್ 4.75. ಕೂಡಿದರೆ 70 ರೂಪಾಯಿ 35 ಪೈಸೆ. ತಲೆಗೆ 17 ರೂಪಾಯಿ 60 ಪೈಸೆ. ಹುಡುಗಿ ಗೆದ್ದೆನೆಂದು ಹಿಗ್ಗಿದಳು: ಜಪಾನಿನದು 47, ನಮ್ಮದು 70!

ತಟ್ಟೆಯ ಬೆಲೆ ನೋಡಿದರೆ ಅವಳದೇ ಗೆಲುವು. ಹೊಟ್ಟೆಯ ಬೆಲೆ ಬೇರೆ. ಕಬಾಯಾಕಿಯಲ್ಲಿ ಎಲ್ಲ ಸೇರಿ ಸುಮಾರು 540 ಕ್ಯಾಲೊರಿ, ತಲೆಗೆ 136. ಎಣ್ಣೆಗಾಯಿಯಲ್ಲಿ ಹತ್ತಿರತ್ತಿರ 1,500, ತಲೆಗೆ 370 ಮೀರುತ್ತದೆ. ನೂರು ಕ್ಯಾಲೊರಿಗೆ ಕೊಟ್ಟ ದುಡ್ಡು ನೋಡಿದರೆ ಎಣ್ಣೆಗಾಯಿ 4 ರೂಪಾಯಿ 70 ಪೈಸೆ, ಕಬಾಯಾಕಿ 8 ರೂಪಾಯಿ 67 ಪೈಸೆ, ಶಾಸ್ತ್ರೋಕ್ತ ದೆಂಗಾಕು ಇಪ್ಪತ್ತಕ್ಕೆ ಸ್ವಲ್ಪ ಕಡಿಮೆ. ಪ್ರೊಟೀನಿನ ಮಾತಂತೂ ಎತ್ತುವ ಹಾಗಿಲ್ಲ: 80 ಗ್ರಾಂ ಶೇಂಗಾದಲ್ಲೇ 20 ಗ್ರಾಂ ಬಂತು, ಮೂರು ಚಮಚ ಸೋಯಾ ಸಾಸಿನಲ್ಲಿ ಮೂರ್ನಾಲ್ಕು ಗ್ರಾಂ. ಜೊತೆಗೆ ಉಣ್ಣುವುದನ್ನೂ ಸೇರಿಸೋಣ. ಕಬಾಯಾಕಿಗೆ 300 ಗ್ರಾಂ ಅಕ್ಕಿಯ ಅನ್ನ, ಕೆಜಿಗೆ 55ರಂತೆ 16.50. ಎಣ್ಣೆಗಾಯಿಗೆ ತಲಾ ಎರಡರಂತೆ ಎಂಟು ಜೋಳದ ರೊಟ್ಟಿ, 480 ಗ್ರಾಂ ಹಿಟ್ಟು, 24 ರೂಪಾಯಿ. ಒಲೆಯ ಖರ್ಚು ಬಿಟ್ಟು ಒಂದು 64, ಇನ್ನೊಂದು 94. ಮೊದಲನೆಯದು ಉಂಡವರಿಗೆ ತಲಾ 400 ಕ್ಯಾಲೊರಿ, ಎರಡನೆಯದು ಉಂಡವರಿಗೆ 780. ಹತ್ತಿ ಬಿಡಿಸಲು ಹೋಗುವವರ ಬುತ್ತಿಗೆ ಯಾವುದು ಎಂದು ಕೇಳುವುದೇ ಬೇಡ. ರಾತ್ರಿ ಹಗುರವಾಗಿ ಉಂಡು ಮಲಗುವವರಿಗೆ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ, ಕಬಾಯಾಕಿ ಒಳ್ಳೆಯದು.

ಅನ್ನದ ವಿಷಯಕ್ಕೆ ಒಂದು ಮಾತು. ಜಪಾನಿನ ಅಕ್ಕಿ ಗಿಡ್ಡ, ಅಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಮಾನ್ವಿ, ಸಿಂಧನೂರಿನ ಕಡೆ ಬೆಳೆಯುವ ಸೋನಾ ಮಸೂರಿ ಬಿಡಿಬಿಡಿ. ಅರ್ಧ ತಾಸು ನೆನೆಸಿ, ನೀರು ಒಂದು ಬೆರಳು ಹೆಚ್ಚಿಗೆ ಹಾಕಿ ಮುದ್ದೆಯಾಗುವಂತೆ ಬೇಯಿಸಿದರೆ ಪಾಕ ಅನ್ನಕ್ಕೆ ಹಿಡಿಯುತ್ತದೆ. ಅದಕ್ಕಾಗಿ ಬೇರೆ ಅಕ್ಕಿ ಕೊಳ್ಳುವುದು ದಂಡ.

ರೊಟ್ಟಿ ಬಿಡಲಾರದವರಿಗೆ ಮೂರನೆಯ ದಾರಿಯೂ ಉಂಟು, ನನ್ನ ಓಟು ಇದಕ್ಕೇ. ಕಬಾಯಾಕಿಯ ಪಾಕಕ್ಕೆ 20 ಗ್ರಾಂ ಹುರಿದ ಶೇಂಗಾ ಪುಡಿ ಸೇರಿಸಿ. 2 ರೂಪಾಯಿ 80 ಪೈಸೆ ಹೆಚ್ಚಾಗಿ ಒಟ್ಟು 50 ಆಗುತ್ತದೆ, 5 ಗ್ರಾಂ ಪ್ರೊಟೀನು ಕೂಡುತ್ತದೆ. ಪಾಕ ಮಿಸೊದಷ್ಟೇ ದಪ್ಪವಾಗಿ ಹೋಳಿನ ಮೇಲೆ ನಿಲ್ಲುತ್ತದೆ, ಹೊಳಪು ಮಾತ್ರ ಸ್ವಲ್ಪ ಮಂಕು. ಜಪಾನಿನವರು ಇದನ್ನು ತಮ್ಮದೆಂದು ಒಪ್ಪಲಾರರು, ಅಜ್ಜಿಯೂ ಒಪ್ಪಲಿಲ್ಲ. ಎರಡನೆಯ ರೊಟ್ಟಿಗೆ ಮತ್ತೊಂದು ಹೋಳು ಮಾತ್ರ ಹಾಕಿಸಿಕೊಂಡರು.

200 ಮಿಲಿ ಸೋಯಾ ಸಾಸಿನ ಬಾಟಲಿ ನಾಲ್ಕು ಸಲಕ್ಕೆ ಬರುತ್ತದೆ. ಆ ನಾಲ್ಕೂ ಸಲ ತಟ್ಟೆ ಖಾಲಿಯಾದರೆ ಆಮೇಲೆ ಬೇಕಿದ್ದರೆ ಮಿಸೊ ತರಿಸಿ, ಅದಕ್ಕೂ ಮುಂಚೆ ಬೇಡ.